ಅಪ್‌ಡೇಟ್ ಹಾಕಿದ ಮೇಲೂ ಹಳೇ ಪ್ರೀಸೆಟ್ ಹಳೇ ಥರಾನೇ ಕೇಳಿಸಬೇಕಾ, ಬೇಡ್ವಾ?

ಆರನೇತಂತಿ:
ಮಾಡೆಲರ್ (ಗಿಟಾರ್ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ನಕಲು ಮಾಡುವ ಪೆಟ್ಟಿಗೆ) ಇಟ್ಟುಕೊಂಡಿರುವ ಎಲ್ಲರಿಗೂ ಒಂದು ಪ್ರಶ್ನೆ. ಮೊನ್ನೆ ಹೊಸ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಹಾಕಿದೆ. ಕಂಪನಿ ಹೆಸರು ಹೇಳೋದಿಲ್ಲ, ಹೇಳಿದರೆ ಮಾತು ಯಾವ ಬ್ರ್ಯಾಂಡ್ ದೊಡ್ಡದು ಅನ್ನೋ ಕಡೆ ಹೋಗಿಬಿಡುತ್ತದೆ. ಹೊಸ ಡಿಲೇ ಬಂದಿದೆ, ಹೊಸ ಆಂಪ್‌ಗಳು ಬಂದಿವೆ, ಅದೆಲ್ಲ ಖುಷಿಯೇ. ಆದರೆ ನನ್ನ ಮುಖ್ಯ ರಿದಮ್ ಪ್ರೀಸೆಟ್ (ಸೇವ್ ಮಾಡಿಟ್ಟ ಸೆಟ್ಟಿಂಗ್‌ಗಳ ಗುಂಪು) ಬದಲಾಗಿದೆ. ನಾನು ಒಂದು ನಾಬ್ ಕೂಡ ಮುಟ್ಟಿಲ್ಲ. ಪಾಮ್ ಮ್ಯೂಟ್ (ಅಂಗೈ ಅಂಚನ್ನು ತಂತಿಗೆ ಒತ್ತಿ ನುಡಿಸೋದು) ಹೊಡೆದಾಗ ಕೆಳಗಡೆ ಇದ್ದ ಬಿಗಿ ಹೋಗಿ ಸಡಿಲ ಆಗಿದೆ, ಬ್ಯಾಂಡ್ ಜೊತೆ ನುಡಿಸಿದರೆ ಬೇಸ್ ಗಿಟಾರ್‌ನಲ್ಲಿ ಕಲಸಿಹೋಗುತ್ತದೆ. ರಿಲೀಸ್ ನೋಟ್ಸ್ ತೆಗೆದು ನೋಡಿದರೆ ಪವರ್ ಆಂಪ್ (ಸ್ಪೀಕರ್ ಓಡಿಸುವ ಕೊನೆಯ ಹಂತ) ಮಾಡೆಲಿಂಗ್ ಸುಧಾರಿಸಿದೆ ಅಂತ ಒಂದೇ ಸಾಲು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಸುಧಾರಿಸಿರಬಹುದು, ಆದರೆ ನಾನು ವರ್ಷಗಟ್ಟಲೆ ಕೂತು ತಿದ್ದಿ ತೀಡಿದ ಟೋನ್ ನನ್ನನ್ನು ಕೇಳದೇ ಯಾಕೆ ಬದಲಾಗಬೇಕು? ನಿಮ್ಮ ಅಭಿಪ್ರಾಯ ಹೇಳಿ.

ಸಿಗ್ನಲ್‌ಚೈನ್:
ಇದರಲ್ಲಿ ಎರಡು ದಾರಿ ಇವೆ, ಯಾವ ಕಂಪನಿ ಯಾವ ದಾರಿ ಹಿಡಿದಿದೆ ಅಂತ ಕೊಳ್ಳುವ ಮುಂಚೆ ಯಾರೂ ನೋಡೋದಿಲ್ಲ. ಫ್ರ್ಯಾಕ್ಟಲ್ ಆಡಿಯೋ ಒಂದು ತುದಿ. ಅವರ ಮೊದಲ ಆಕ್ಸ್-ಎಫ್‌ಎಕ್ಸ್ ಮಾಡೆಲರ್ ಬಂದದ್ದು 2006ರಲ್ಲಿ, ಎರಡನೇದು 2011ರಲ್ಲಿ, ಮೂರನೇದು 2018ರಲ್ಲಿ. ಆದರೆ ಆ ಪೆಟ್ಟಿಗೆಗಳ ನಡುವೆ ಆಗಿರುವ ಬದಲಾವಣೆಗಿಂತ ಒಂದೇ ಪೆಟ್ಟಿಗೆಯ ಒಳಗೆ ಆಗಿರುವುದೇ ಜಾಸ್ತಿ. ಕ್ವಾಂಟಮ್, ಏರೀಸ್, ಸಿಗ್ನಸ್ ಅಂತ ಹೆಸರಿಟ್ಟು ಆಂಪ್ ಮಾಡೆಲಿಂಗ್ ಅನ್ನೇ ಮತ್ತೆ ಮತ್ತೆ ಹೊಸದಾಗಿ ಬರೆದು ಪುಕ್ಕಟೆ ಕೊಟ್ಟಿದ್ದಾರೆ. ಅಲ್ಲಿ ಲೆಕ್ಕ ಇಷ್ಟೇ: ಅಸಲಿ ಆಂಪ್‌ಗೆ ಹತ್ತಿರ ಆಗುವ ಸೂತ್ರ ಸಿಕ್ಕಿದರೆ ಹಳೇ ಸೂತ್ರ ತೆಗೆದು ಅದೇ ಜಾಗದಲ್ಲಿ ಹೊಸದನ್ನು ಕೂರಿಸುತ್ತಾರೆ. ನಿಮ್ಮ ಪ್ರೀಸೆಟ್‌ನಲ್ಲಿ ಉಳಿದಿರೋದು ನಾಬ್‌ಗಳ ಅಂಕಿ ಮಾತ್ರ. ಅಂಕಿ ಅದೇ, ಹಿಂದಿನ ಲೆಕ್ಕ ಬೇರೆ. ಹಾಗಾಗಿ ಶಬ್ದ ಬೇರೆ.

ಲೈನ್ 6 ಇನ್ನೊಂದು ತುದಿ. ಅವರ ಹೀಲಿಕ್ಸ್ ಮಾಡೆಲರ್ 2015ರಲ್ಲಿ ಬಂತು. 2022ರ 3.50 ಅಪ್‌ಡೇಟ್‌ನಲ್ಲಿ ಸ್ಪೀಕರ್ ಕ್ಯಾಬಿನೆಟ್ (ಕ್ಯಾಬ್) ವಿಭಾಗವನ್ನೇ ಹೊಸದಾಗಿ ಮಾಡಿದರು, ಮೈಕ್ ಅನ್ನು ಕೋನ್ ಮಧ್ಯದಿಂದ ಅಂಚಿನ ತನಕ ಸರಿಸಬಹುದು, ಓರೆ ಮಾಡಬಹುದು. ಆದರೆ ಹಳೇ ಕ್ಯಾಬ್‌ಗಳನ್ನು ತೆಗೆಯಲಿಲ್ಲ, ಲೆಗಸಿ ಅಂತ ಬೇರೆ ಮಾಡಿ ಅಲ್ಲೇ ಬಿಟ್ಟರು. ಹಳೇ ಪ್ರೀಸೆಟ್ ಹಳೇ ಕ್ಯಾಬ್ ಅನ್ನೇ ಕರೆಯುತ್ತದೆ. ಹೊಸದು ಬೇಕು ಅಂದರೆ ನೀವೇ ಹೋಗಿ ಬದಲಾಯಿಸಬೇಕು.

ನನಗೆ ಕೇಳಿದರೆ ಮೊದಲನೇ ದಾರಿಯೇ ಇಷ್ಟ. ಹಳೇದನ್ನೆಲ್ಲ ಉಳಿಸುತ್ತಾ ಹೋದರೆ ಮೆಮೊರಿ ತುಂಬುತ್ತದೆ, ಪಟ್ಟಿ ಉದ್ದ ಆಗುತ್ತದೆ, ಹೊಸಬರು ಬಂದು ಒಂದೇ ಆಂಪ್‌ನ ಮೂರು ಆವೃತ್ತಿ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ.

ಟ್ಯೂಬ್‌ಪ್ರೇಮಿ:
ನನ್ನ ಟ್ಯೂಬ್ ಆಂಪ್‌ಗೆ (ಗಾಜಿನ ವಾಲ್ವ್ ಇರುವ ಅಸಲಿ ಆಂಪ್) ಇದುವರೆಗೆ ಒಂದು ಅಪ್‌ಡೇಟ್ ಕೂಡ ಬಂದಿಲ್ಲ. ಹಾಯಾಗಿದ್ದೀನಿ.

ತಮಾಷೆ ಬಿಡಿ. ನನಗೆ ಅರ್ಥವಾಗದ ವಿಷಯ ಒಂದಿದೆ. ಪ್ರತಿ ಅಪ್‌ಡೇಟ್ ಬಂದಾಗಲೂ ಈಗ ಅಸಲಿ ಆಂಪ್ ಥರಾನೇ ಇದೆ, ವ್ಯತ್ಯಾಸವೇ ಗೊತ್ತಾಗೋದಿಲ್ಲ ಅಂತೀರಿ. ಹೋದ ವರ್ಷವೂ ಅದನ್ನೇ ಹೇಳಿದ್ದಿರಿ, ಅದರ ಹಿಂದಿನ ವರ್ಷವೂ ಅದೇ. ಆಗಲೇ ಅಸಲಿ ಥರ ಇದ್ದಿದ್ದರೆ ಈಗ ಸುಧಾರಿಸಿದ್ದು ಏನನ್ನ? ಒಂದೋ ಆಗ ಹೇಳಿದ್ದು ಸುಳ್ಳು, ಇಲ್ಲಾ ಈಗಿನದು. ಅರೆಬೆಂದದ್ದನ್ನು ಮಾರಿ ಆಮೇಲೆ ಬೇಯಿಸೋದಕ್ಕೆ ಸುಮ್ನೆ ಒಂದು ಒಳ್ಳೇ ಹೆಸರು ಕೊಟ್ಟಿದ್ದಾರೆ ಅಷ್ಟೇ ಅಲ್ವಾ?

ಕೆಪಾಸಿಟರ್‌ಕೋಡ್:
ಟ್ಯೂಬ್‌ಪ್ರೇಮಿ ಸಾರ್, ಪ್ರಶ್ನೆ ಚೆನ್ನಾಗಿದೆ. ನಾನು ಆಡಿಯೋ ಡಿಎಸ್‌ಪಿ, ಅಂದರೆ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಕೋಡ್ ಬರೆಯುವವನು (ಗಿಟಾರ್ ಕಂಪನಿಗೆ ಅಲ್ಲ), ಹಾಗಾಗಿ ಒಳಗಡೆ ಏನು ಬದಲಾಗುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ. ಉದ್ದ ಆಗುತ್ತದೆ, ಬೇಜಾರಾದರೆ ಮುಂದಿನ ಪೋಸ್ಟ್‌ಗೆ ಹೋಗಿ.

ಸುಮ್ಮನೆ ನಿಂತ ಸ್ವರಕ್ಕೆ ಅಸಲಿ ಆಂಪ್ ಥರ ಕೇಳಿಸುವ ಹಾಗೆ ಮಾಡೋದು ಅಷ್ಟು ಕಷ್ಟ ಅಲ್ಲ. ಕಷ್ಟ ಇರೋದು ಬದಲಾಗುವ ಸ್ವರದಲ್ಲಿ. ಒಂದು ಉದಾಹರಣೆ ತಗೊಳ್ಳಿ. ಪ್ರೀಆಂಪ್‌ನಲ್ಲಿ (ಆಂಪ್‌ನ ಮೊದಲ ಹಂತ) ಒಂದು 12ಎಎಕ್ಸ್7 ಟ್ಯೂಬ್‌ನಿಂದ ಮುಂದಿನ ಟ್ಯೂಬ್‌ಗೆ ಸಿಗ್ನಲ್ ಹೋಗುವ ದಾರಿಯಲ್ಲಿ ಒಂದು ಕಪ್ಲಿಂಗ್ ಕೆಪಾಸಿಟರ್ ಇರುತ್ತದೆ. ಜೋರಾಗಿ ಹೊಡೆದಾಗ ಮುಂದಿನ ಟ್ಯೂಬ್‌ನ ಗ್ರಿಡ್ (ಸಿಗ್ನಲ್ ಒಳಬರುವ ತುದಿ) ಪಾಸಿಟಿವ್ ಆಗಿ ಕರೆಂಟ್ ಎಳೆಯುತ್ತದೆ. ಆ ಕ್ಷಣದಲ್ಲಿ ಕೆಪಾಸಿಟರ್ ಬೇಗ ಚಾರ್ಜ್ ಆಗಿಬಿಡುತ್ತದೆ. ಆದರೆ ಖಾಲಿ ಆಗುವಾಗ ಗ್ರಿಡ್ ರೆಸಿಸ್ಟರ್ ಮೂಲಕ ನಿಧಾನಕ್ಕೆ ಇಳಿಯಬೇಕು. 22 ನ್ಯಾನೋಫ್ಯಾರಡ್ ಕೆಪಾಸಿಟರ್, 1 ಮೆಗಾಓಮ್ ರೆಸಿಸ್ಟರ್ ಅಂದರೆ ಟೈಮ್ ಕಾನ್‌ಸ್ಟಂಟ್ 22 ಮಿಲಿಸೆಕೆಂಡ್. ಪೂರ್ತಿ ಇಳಿಯೋಕೆ ಅದರ ಕೆಲವು ಪಟ್ಟು ಹೊತ್ತು ಬೇಕು, ಅಷ್ಟು ಹೊತ್ತು ಆ ಟ್ಯೂಬ್‌ನ ಬಯಾಸ್ (ಸಿಗ್ನಲ್ ಇಲ್ಲದಾಗಿನ ನಿಲುವು) ಜಾಗ ತಪ್ಪಿರುತ್ತದೆ. ಅದರೊಳಗೆ ನೀವು ಇನ್ನೊಂದು ಪಿಕ್ ಹೊಡೆದರೆ ಆ ಎರಡನೇ ಹೊಡೆತ ಮೊದಲನೇದರ ಥರ ಇರೋದಿಲ್ಲ.

ಹಳೇ ಮಾಡೆಲರ್‌ಗಳಲ್ಲಿ ಟ್ಯೂಬ್ ಅಂದರೆ ಒಂದು ಬಾಗಿದ ಗೆರೆ. ಇಷ್ಟು ಒಳಗೆ ಬಂದರೆ ಇಷ್ಟು ಹೊರಗೆ ಹೋಗಲಿ, ಮುಗೀತು. ಸ್ವಲ್ಪ ಮುಂಚೆ ಏನಾಗಿತ್ತು ಅನ್ನುವ ನೆನಪು ಆ ಗೆರೆಗೆ ಇರೋದಿಲ್ಲ. ಈ ಕೆಪಾಸಿಟರ್ ಲೆಕ್ಕ ಸೇರಿಸಿದ ದಿನ ಒಂದೊಂದೇ ಸ್ವರ ಹಿಡಿದು ಕೇಳಿದರೆ ನಿಮಗೆ ಏನೂ ಗೊತ್ತಾಗೋದಿಲ್ಲ. ವೇಗವಾಗಿ ನುಡಿಸಿದಾಗ ಕೈಗೆ ಗೊತ್ತಾಗುತ್ತದೆ. ಅದಕ್ಕೇ ಜನ ಶಬ್ದ ಅದೇ ಇದೆ ಆದರೆ ಫೀಲ್ ಬೇರೆ ಅಂತ ಹೇಳೋದು. ಸುಳ್ಳು ಹೇಳ್ತಿಲ್ಲ ಅವರು.

ಇನ್ನೊಂದು ಏಲಿಯಾಸಿಂಗ್. ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದರೆ 24 ಕಿಲೋಹರ್ಟ್ಸ್ ತನಕ ಮಾತ್ರ ಹಿಡಿಸುತ್ತದೆ. ಡಿಸ್ಟಾರ್ಶನ್ ಹೊಸ ಹಾರ್ಮೋನಿಕ್ (ಮೂಲ ಸ್ವರದ ಎರಡು, ಮೂರು ಪಟ್ಟು ಹೀಗೆ ಇರುವ ಫ್ರೀಕ್ವೆನ್ಸಿ) ಹುಟ್ಟಿಸುತ್ತದೆ. 5 ಕಿಲೋಹರ್ಟ್ಸ್‌ನ ಏಳನೇ ಹಾರ್ಮೋನಿಕ್ 35, ಅದಕ್ಕೆ ಮೇಲೆ ಜಾಗ ಇಲ್ಲ, ಹಾಗಾಗಿ ಮಡಿಸಿಕೊಂಡು 13 ಕಿಲೋಹರ್ಟ್ಸ್‌ಗೆ ಬಂದು ಕೂರುತ್ತದೆ. ನೀವು ನುಡಿಸಿದ ಸ್ವರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ತುದಿಯ ಫ್ರೆಟ್‌ಗಳಲ್ಲಿ ಬೆಂಡ್ ಮಾಡಿದಾಗ, ಸ್ವರ ಮೇಲೆ ಹೋಗುತ್ತಿದ್ದರೆ ಹಿಂದೆ ಏನೋ ಒಂದು ಸಣ್ಣಗೆ ಕೆಳಗೆ ಇಳಿಯುತ್ತಿರುತ್ತದಲ್ಲ, ಅದೇ ಇದು. ಎಂಟು ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡಿದರೆ ಒಳಗಡೆ 384 ಕಿಲೋಹರ್ಟ್ಸ್‌ನಲ್ಲಿ ಲೆಕ್ಕ ನಡೆಯುತ್ತದೆ, ಮಡಿಸಿಕೊಳ್ಳೋದು ತುಂಬಾ ಕಡಿಮೆ ಆಗುತ್ತದೆ. ಆದರೆ ಕೆಲಸ ಎಂಟು ಪಟ್ಟು. ಅದೇ ಚಿಪ್‌ನಲ್ಲಿ ಇದನ್ನು ಹಿಡಿಸಬೇಕಾದರೆ ಯಾರೋ ಒಬ್ಬರು ಕೂತು ಬೇರೆ ಕಡೆ ಕೋಡ್ ತೆಳ್ಳಗೆ ಮಾಡಬೇಕು. ಅದಕ್ಕೆ ವರ್ಷ ಹಿಡಿಯುತ್ತದೆ. ಮೊದಲ ದಿನವೇ ಯಾಕೆ ಮಾಡಲಿಲ್ಲ ಅಂದರೆ ಉತ್ತರ ಇದು.

ಟ್ಯೂಬ್‌ಪ್ರೇಮಿ:
ಸರಿ, 22 ಮಿಲಿಸೆಕೆಂಡ್ ಒಪ್ಪಿದೆ. ಹಾಗಾದರೆ ಹೋದ ವರ್ಷ ಅಸಲಿ ಥರಾನೇ ಇದೆ ಅಂತ ಹೇಳಿದವರ ಕಿವಿಗೆ ಅದು ಯಾಕೆ ಕೇಳಿಸಲಿಲ್ಲ?

ಕೆಪಾಸಿಟರ್‌ಕೋಡ್:
ಪಕ್ಕದಲ್ಲಿ ಅಸಲಿ ಆಂಪ್ ಇಟ್ಟುಕೊಂಡು ಕೇಳಿದವರು ಎಷ್ಟು ಜನ ಸಾರ್? ಹೋಲಿಸೋದಕ್ಕೆ ಏನೂ ಇಲ್ಲದಿದ್ದರೆ ಎಲ್ಲವೂ ಅಸಲಿ ಥರಾನೇ.

ಗಿಗ್‌ರಾಣಿ:
ನಾನು ಸ್ಟೇಜ್ ಮೇಲೆ ನುಡಿಸುವವಳು, ನನಗೆ ಕೆಪಾಸಿಟರ್ ಕಥೆ ಎಲ್ಲ ಆಮೇಲೆ. ಆರನೇತಂತಿ, ಕಾರ್ಯಕ್ರಮ ಹತ್ತಿರ ಇದ್ದಾಗ ಅಪ್‌ಡೇಟ್ ಹಾಕಲೇಬೇಡಿ. ಅದು ಎಷ್ಟೇ ಒಳ್ಳೇದಿರಲಿ. ಬಗ್ ಸರಿಮಾಡಿದ್ದಾರೆ ಅಂದರೂ ಆ ಬಗ್ ನಿಮ್ಮನ್ನು ಕಾಡ್ತಿಲ್ಲ ಅಂದರೆ ನಿಮಗೆ ಯಾಕೆ ಅವಸರ? ಹೊಸ ಆವೃತ್ತಿ ಬಂದ ಮೇಲೆ ಸ್ವಲ್ಪ ದಿನಕ್ಕೇ ಅದರ ತಪ್ಪು ತಿದ್ದಿದ ಇನ್ನೊಂದು ಸಣ್ಣ ಆವೃತ್ತಿ ಬರೋದು ಮಾಮೂಲಿ. ಅದಕ್ಕೆ ಕಾಯಿರಿ.

ಹಾಕುವ ಮುಂಚೆ ಪೂರ್ತಿ ಬ್ಯಾಕಪ್ ತಗೊಳ್ಳಿ. ಪ್ರೀಸೆಟ್ ಮಾತ್ರ ಅಲ್ಲ, ಗ್ಲೋಬಲ್ ಸೆಟ್ಟಿಂಗ್ ಮತ್ತು ಐಆರ್ (ಸ್ಪೀಕರ್ ಕ್ಯಾಬ್‌ನ ಸದ್ದು ಹಿಡಿದಿಟ್ಟ ಫೈಲ್) ಕೂಡ. ಇದನ್ನು ಎಷ್ಟು ಜನ ಮರೆಯುತ್ತಾರೆ ಗೊತ್ತಾ? ಪ್ರೀಸೆಟ್ ಎಲ್ಲ ವಾಪಸ್ ಬಂದಿರುತ್ತದೆ, ಆದರೆ ಔಟ್‌ಪುಟ್ ಲೆವೆಲ್ ಲೈನ್ ಬದಲು ಇನ್‌ಸ್ಟ್ರುಮೆಂಟ್ ಆಗಿರುತ್ತದೆ, ಐಆರ್ ಜಾಗ ಖಾಲಿ ಇರುತ್ತದೆ, ಕ್ಯಾಬ್ ಇಲ್ಲದ ಫಜ್ ಜೇನುಹುಳದ ಥರ ಗುಂಯ್ ಅನ್ನುತ್ತದೆ. ಮತ್ತೆ ಹಳೇ ಫರ್ಮ್‌ವೇರ್ ಫೈಲ್ ಕೂಡ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ವಾಪಸ್ ಹೋಗಬೇಕಾದಾಗ ವೆಬ್‌ಸೈಟ್‌ನಲ್ಲಿ ಹುಡುಕೋದು ಬೇಡ. ಹಿಂದಕ್ಕೆ ಹೋಗೋಕೆ ಬಿಡದ ಯಂತ್ರಗಳೂ ಇವೆ, ಅದನ್ನು ಮೊದಲೇ ನೋಡಿಕೊಳ್ಳಿ. ಇನ್ನೊಂದು, ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ ಪ್ರೀಸೆಟ್ ಹಳೇ ಆವೃತ್ತಿಯಲ್ಲಿ ತೆರೆಯದೇ ಇರಬಹುದು. ಹಾಗಾಗಿ ಅಪ್‌ಡೇಟ್‌ಗೆ ಮುಂಚಿನ ಬ್ಯಾಕಪ್ ಅನ್ನು ಅಳಿಸಬೇಡಿ.

ಹೊಸದಾಗಿಕಲಿಯುವವ:
ಅಕ್ಕ, ಅಪ್‌ಡೇಟ್ ಮಧ್ಯದಲ್ಲಿ ಕರೆಂಟ್ ಹೋದರೆ ಯಂತ್ರ ಸತ್ತೇ ಹೋಗುತ್ತದಾ? ಅದೇ ಭಯಕ್ಕೆ ನಾನು ತಂದಾಗಿನಿಂದ ಅಪ್‌ಡೇಟ್ ಮಾಡಿಲ್ಲ.

ಗಿಗ್‌ರಾಣಿ:
ಸಾಮಾನ್ಯವಾಗಿ ಸಾಯೋದಿಲ್ಲ ಮರಿ. ಸ್ಟಾರ್ಟ್ ಆಗುವಾಗ ಓಡುವ ಬೂಟ್‌ಲೋಡರ್ ಅನ್ನುವ ಪುಟ್ಟ ಪ್ರೋಗ್ರಾಂ ಬೇರೆ ಜಾಗದಲ್ಲಿ ಇರುತ್ತದೆ, ಮಾಮೂಲಿ ಅಪ್‌ಡೇಟ್ ಅದನ್ನು ಮುಟ್ಟೋದಿಲ್ಲ. ಯಾವುದೋ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ರಿಕವರಿಗೆ ಹೋಗುತ್ತದೆ, ಯಾವ ಬಟನ್ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಟ್ಟುಕೋ. ಯುಎಸ್‌ಬಿ ಹಬ್ ಬೇಡ, ಕೇಬಲ್ ನೇರವಾಗಿ ಹಾಕು. ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ಮಾಡಿಕೋ. ಕೆಂಪರ್ (ಅಸಲಿ ಆಂಪ್ ಅಳೆದು ನಕಲು ಮಾಡುವ ಯಂತ್ರ) ಥರದ್ದಾದರೆ ಕಂಪ್ಯೂಟರ್ ಕೂಡ ಬೇಡ, ಪೆನ್‌ಡ್ರೈವ್‌ನಲ್ಲಿ ಫೈಲ್ ಹಾಕಿ ಚುಚ್ಚಿದರೂ ಆಗುತ್ತದೆ. ಹೀಲಿಕ್ಸ್ ಅಪ್‌ಡೇಟ್ ಮುಗಿದ ಮೇಲೆ ಪ್ರೀಸೆಟ್‌ಗಳನ್ನೆಲ್ಲ ಮತ್ತೆ ಕಟ್ಟಿಕೊಳ್ಳುತ್ತದೆ, ಆಗ ಹೆದರಿ ಆಫ್ ಮಾಡಬೇಡ, ಸುಮ್ನೆ ಬಿಟ್ಟುಬಿಡು.

ಪ್ರೊಫೈಲ್‌ಪುಟ್ಟ:
ಕೆಂಪರ್ ಮಾತು ಬಂತಲ್ಲ, ಅದಕ್ಕೆ ಬಂದೆ. ನಮ್ಮ ಕಡೆ ಈ ತಲೆನೋವು ಕಡಿಮೆ. ಪ್ರೊಫೈಲ್ ಅಂದರೆ ಒಂದು ಆಂಪ್ ಅನ್ನು ಒಂದು ಸೆಟ್ಟಿಂಗ್‌ನಲ್ಲಿ ಅಳೆದು ಇಟ್ಟದ್ದು. ಅಳತೆ ಆಗಿಹೋಗಿದೆ, ಅಪ್‌ಡೇಟ್ ಬಂದು ಅದನ್ನು ತಿದ್ದೋದಿಲ್ಲ. ಸುತ್ತಮುತ್ತ ಇರೋದು ಬೆಳೆಯುತ್ತದೆ. 2019ರಲ್ಲಿ ಕಂಪ್ಯೂಟರ್ ಎಡಿಟರ್ ಬಂತು, ಅಷ್ಟು ಹೊತ್ತಿಗೆ ನಾವೆಲ್ಲ ಆ ಸಣ್ಣ ಸ್ಕ್ರೀನ್ ನೋಡಿ ನೋಡಿ ಸಾಕಾಗಿದ್ದೆವು. 2023ರಲ್ಲಿ ಲಿಕ್ವಿಡ್ ಪ್ರೊಫೈಲಿಂಗ್ ಬಂತು. ಅದಕ್ಕೂ ಮುಂಚೆ ಪ್ರೊಫೈಲ್‌ನ ಗೇನ್ ತಿರುಗಿಸಿದರೆ ಅಸಲಿ ಆಂಪ್‌ನ ಗೇನ್ ತಿರುಗಿದ ಹಾಗೆ ಇರುತ್ತಿರಲಿಲ್ಲ, ಟ್ರೆಬಲ್ ಮಿಡ್ ಬೇಸ್ ಕೂಡ ಎಲ್ಲ ಪ್ರೊಫೈಲ್‌ಗೂ ಒಂದೇ. ಈಗ ಆ ಆಂಪ್‌ನ ಟೋನ್ ಸ್ಟ್ಯಾಕ್ (ಟ್ರೆಬಲ್ ಮಿಡ್ ಬೇಸ್ ಸರ್ಕ್ಯೂಟ್) ಅನ್ನು ಪ್ರೊಫೈಲ್‌ಗೆ ಜೋಡಿಸಬಹುದು. ಹಳೇ ಪ್ರೊಫೈಲ್‌ಗೂ ಹಾಕಬಹುದು. ಹಾಕದಿದ್ದರೆ ಹಳೇದು ಹಾಗೇ ಇರುತ್ತದೆ. 2010ರ ದಶಕದ ಶುರುವಿನ ಯಂತ್ರದಲ್ಲಿ ಇದು ಓಡುತ್ತದೆ ಅನ್ನೋದು ಸಣ್ಣ ವಿಷಯ ಅಲ್ಲ.

ಸಿಗ್ನಲ್‌ಚೈನ್:
ಒಪ್ಪಿದೆ, ಆದರೆ ಅಳೆದದ್ದು ಅಷ್ಟೇ ಆಗಿರೋದೇ ಅದರ ಮಿತಿ ಕೂಡ. ಅಳೆಯುವಾಗ ಹಿಡಿಯದೇ ಬಿಟ್ಟದ್ದನ್ನು ಯಾವ ಅಪ್‌ಡೇಟ್ ತಂದುಕೊಡುತ್ತದೆ? ನಮ್ಮ ಕಡೆ ಪವರ್ ಸಪ್ಲೈ ಕುಸಿಯೋದರ ಲೆಕ್ಕ ಸುಧಾರಿಸಿದರೆ ಎಲ್ಲ ಆಂಪ್‌ಗೂ ಒಟ್ಟಿಗೆ ಸಿಗುತ್ತದೆ. ನಿಮ್ಮ ಕಡೆ ಆಂಪ್ ಅನ್ನು ಮತ್ತೆ ಹುಡುಕಿ ತಂದು ಮೈಕ್ ಇಟ್ಟು ಮತ್ತೆ ಪ್ರೊಫೈಲ್ ಮಾಡಬೇಕು.

ಪ್ರೊಫೈಲ್‌ಪುಟ್ಟ:
ಅದಕ್ಕೇ ಈಗ ನ್ಯೂರಲ್ ಆಂಪ್ ಮಾಡೆಲರ್ ಇದೆಯಲ್ಲ ಗುರು. ನ್ಯೂರಲ್ ನೆಟ್‌ವರ್ಕ್‌ನಿಂದ ಆಂಪ್ ನಕಲು ಮಾಡುವ ಓಪನ್ ಸೋರ್ಸ್ ಪ್ರೋಗ್ರಾಂ, ನಮ್ಮ ಕಂಪ್ಯೂಟರ್‌ನಲ್ಲೇ ಟ್ರೇನ್ ಮಾಡಬಹುದು. ಟ್ರೇನ್ ಮಾಡೋಕೆ ಬಳಸಿದ ಮೂಲ ರೆಕಾರ್ಡಿಂಗ್ ಇಟ್ಟುಕೊಂಡಿದ್ದರೆ ಮುಂದೆ ಒಳ್ಳೇ ನೆಟ್‌ವರ್ಕ್ ಬಂದಾಗ ಅದೇ ರೆಕಾರ್ಡಿಂಗ್‌ನಿಂದ ಮತ್ತೆ ಟ್ರೇನ್ ಮಾಡಿದರಾಯಿತು, ಆಂಪ್ ಬೇಕಾಗಿಲ್ಲ. ಆ ವೇವ್ ಫೈಲ್‌ಗಳನ್ನು ಮಾತ್ರ ಅಳಿಸಬೇಡಿ, ಎಷ್ಟೋ ಜನ ಮಾಡೆಲ್ ಸಿಕ್ಕಿತು ಅಂತ ಅಳಿಸಿಬಿಡುತ್ತಾರೆ.

ಟ್ಯೂಬ್‌ಪ್ರೇಮಿ:
ಇನ್ನೊಂದು ಕೇಳಬೇಕು. ಮುಂದೆ ಅಪ್‌ಡೇಟ್‌ನಲ್ಲಿ ಬರುತ್ತದೆ ಅಂತ ಹೇಳಿ ಮಾರೋದು ಸರಿಯಾ? ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಲ್ವಾ?

ಸಿಗ್ನಲ್‌ಚೈನ್:
ಇದರಲ್ಲಿ ನಿಮ್ಮ ಪಕ್ಷ ನಾನು. ನ್ಯೂರಲ್ ಡಿಎಸ್‌ಪಿ ಕಂಪನಿಯ ಕ್ವಾಡ್ ಕಾರ್ಟೆಕ್ಸ್ ಮಾಡೆಲರ್ ನೋಡಿ, 2020ರಲ್ಲಿ ತೋರಿಸಿದರು, 2021ರಲ್ಲಿ ಜನರ ಕೈಗೆ ಬಂತು. ಆ ಕಂಪನಿಯದ್ದೇ ಪ್ಲಗಿನ್‌ಗಳು (ಕಂಪ್ಯೂಟರ್‌ಗೆ ಮಾಡಿದ ಆಂಪ್ ಸಾಫ್ಟ್‌ವೇರ್) ಯಂತ್ರದಲ್ಲಿ ಓಡುತ್ತವೆ ಅನ್ನೋದು ಶುರುವಿನಿಂದ ಇದ್ದ ಮಾತು. ಕಂಪ್ಯೂಟರ್ ಎಡಿಟರ್ ಬಂದದ್ದು 2023ರಲ್ಲಿ, ಪ್ಲಗಿನ್ ಓಡಲು ಶುರುವಾದದ್ದು 2024ರಲ್ಲಿ, ಅದೂ ಒಂದೊಂದೇ. ಕೊಟ್ಟರು, ಇಲ್ಲ ಅನ್ನೋದಿಲ್ಲ. ಆದರೆ ಅದೊಂದೇ ಕಾರಣಕ್ಕೆ ಮೊದಲ ದಿನ ತಗೊಂಡವನು ಅಷ್ಟು ವರ್ಷ ಕಾದ. ಇವತ್ತು ಪೆಟ್ಟಿಗೆಯಲ್ಲಿ ಏನಿದೆಯೋ ಅದಕ್ಕೆ ದುಡ್ಡು ಕೊಡಿ, ಆಮೇಲೆ ಬಂದದ್ದು ಲಾಭ.

ಉಲ್ಟಾ ಉದಾಹರಣೆಯೂ ಇದೆ. ಲೈನ್ 6 ಕಂಪನಿಯದ್ದೇ ಸಣ್ಣ ಮಾಡೆಲರ್ ಎಚ್‌ಎಕ್ಸ್ ಸ್ಟಾಂಪ್ 2018ರಲ್ಲಿ ಬಂದಾಗ ಆರೇ ಬ್ಲಾಕ್ (ಒಂದು ಆಂಪ್ ಅಥವಾ ಎಫೆಕ್ಟ್ ಕೂರುವ ಜಾಗ). ಇಷ್ಟೇ ಅಂತ ತಿಳಿದೇ ಜನ ತಗೊಂಡರು. 2020ರ 3.0 ಅಪ್‌ಡೇಟ್‌ನಲ್ಲಿ ಎಂಟು ಮಾಡಿದರು. ಯಾರೂ ಮಾತು ಕೊಟ್ಟಿರಲಿಲ್ಲ, ಬಂತು, ಎಲ್ಲರಿಗೂ ಖುಷಿ ಆಯಿತು.

ಕೆಪಾಸಿಟರ್‌ಕೋಡ್:
ಬ್ಲಾಕ್ ಜಾಸ್ತಿ ಆದರೂ ಚಿಪ್ ಅದೇ ಅನ್ನೋದು ನೆನಪಿರಲಿ. ಎಂಟನ್ನೂ ಭಾರೀ ಎಫೆಕ್ಟ್‌ನಿಂದ ತುಂಬಿಸೋಕೆ ಹೋದರೆ ಡಿಎಸ್‌ಪಿ ಸಾಲೋದಿಲ್ಲ. ಅಪ್‌ಡೇಟ್ ಬಗ್ಗೆ ಯಾರೂ ಹೇಳದ ಮಾತು ಇದು. ಅದೇ ಜಾಗದಲ್ಲಿ ಸುಧಾರಿಸಿದ ಆಂಪ್ ಸಾಮಾನ್ಯವಾಗಿ ಜಾಸ್ತಿ ಸಿಪಿಯು ತಿನ್ನುತ್ತದೆ. ನಿಮ್ಮ ಪ್ರೀಸೆಟ್ ಮೊದಲೇ ಮಿತಿಯ ಅಂಚಿನಲ್ಲಿ ಇದ್ದರೆ ಅಪ್‌ಡೇಟ್ ಆದ ಮೇಲೆ ಶಬ್ದ ಚಟಪಟ ಅನ್ನಬಹುದು, ಇಲ್ಲಾ ಯಂತ್ರವೇ ಒಂದೆರಡು ಬ್ಲಾಕ್ ಬಂದ್ ಮಾಡಬಹುದು. ಪ್ರೀಸೆಟ್ ಕಟ್ಟುವಾಗಲೇ ಸ್ವಲ್ಪ ಜಾಗ ಖಾಲಿ ಬಿಡಿ. ಕೊನೆಗೆ ಒಂದು ದಿನ ಆ ಚಿಪ್‌ನಲ್ಲಿ ಜಾಗ ಪೂರ್ತಿ ಮುಗಿಯುತ್ತದೆ, ಆಗ ದೊಡ್ಡ ಅಪ್‌ಡೇಟ್ ನಿಲ್ಲುತ್ತವೆ. ಆದರೂ ಯಂತ್ರ ನಿನ್ನೆ ನುಡಿದ ಹಾಗೇ ನುಡಿಯುತ್ತದೆ, ಕೆಟ್ಟುಹೋಯಿತು ಅಂತ ಮಾರಬೇಕಾಗಿಲ್ಲ.

ಆರನೇತಂತಿ, ನಿಮ್ಮ ಸಮಸ್ಯೆಗೆ ವಾಪಸ್ ಬರ್ತೀನಿ. ಬದಲಾಗಿದೆ ಅಂತ ಹೇಳ್ತಿದ್ದೀರಿ, ಅಳೆದು ನೋಡಿದ್ದೀರಾ? ಕಿವಿಯನ್ನು ನಂಬಬೇಡಿ, ಒಂದೇ ಒಂದು ಡೆಸಿಬಲ್ ಜೋರಾಗಿದ್ದರೂ ಅದೇ ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಹೀಗೆ ಮಾಡಿ. ಗಿಟಾರ್ ಅನ್ನು ನೇರವಾಗಿ, ಯಾವ ಆಂಪೂ ಇಲ್ಲದೆ ರೆಕಾರ್ಡ್ ಮಾಡಿ. ಆ ಡಿಐ ಟ್ರ್ಯಾಕ್ ಅನ್ನು ಯುಎಸ್‌ಬಿ ಮೂಲಕ ಮಾಡೆಲರ್‌ಗೆ ಕಳಿಸಿ ಹೊರಗೆ ಬಂದದ್ದನ್ನು ರೆಕಾರ್ಡ್ ಮಾಡಿ. ಹಳೇ ಫರ್ಮ್‌ವೇರ್‌ನಲ್ಲಿ ಒಂದು, ಹೊಸದರಲ್ಲಿ ಒಂದು. ಒಂದರ ಪೊಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಒಟ್ಟಿಗೆ ಕೂಡಿಸಿ. ಒಂದೇ ಆಗಿದ್ದರೆ ಮೌನ. ಬೇರೆ ಇದ್ದರೆ ಏನು ಉಳಿಯುತ್ತದೋ ಅದೇ ವ್ಯತ್ಯಾಸ. ಕೋರಸ್, ಫ್ಲ್ಯಾಂಜರ್, ಮಾಡ್ಯುಲೇಶನ್ ಇರುವ ರಿವರ್ಬ್ ಎಲ್ಲ ಬಂದ್ ಮಾಡಿ, ಅವು ಒಂದೇ ಫರ್ಮ್‌ವೇರ್‌ನಲ್ಲೂ ಎರಡು ಸಲ ಒಂದೇ ಥರ ಬರೋದಿಲ್ಲ. ಲೇಟೆನ್ಸಿ (ಸದ್ದು ಹೊರಬರುವಾಗಿನ ತಡ) ಕೂಡ ಬದಲಾಗಿರಬಹುದು, ಸ್ಯಾಂಪಲ್ ಲೆಕ್ಕದಲ್ಲಿ ಸರಿಸಿ ಹೊಂದಿಸಿ.

ಆರನೇತಂತಿ:
ಮಾಡಿದೆ. ಪುಣ್ಯಕ್ಕೆ ಹಳೇ ಫೈಲ್ ಸಿಕ್ಕಿತು, ವಾಪಸ್ ಹೋಗೋಕೂ ಬಿಟ್ಟಿತು. ಒಂದು ರಿಫ್, ಆಮೇಲೆ ಒಂದು ಕಾರ್ಡ್ ಹೊಡೆದು ಸದ್ದು ಪೂರ್ತಿ ಆರುವ ತನಕ ಬಿಟ್ಟೆ. ಪವರ್ ಆಂಪ್ ಬಂದ್ ಮಾಡಿ ಪ್ರೀಆಂಪ್ ಮಾತ್ರ ಇಟ್ಟಾಗ ಬಹುತೇಕ ಮೌನ, ಏನೋ ಸಣ್ಣಗೆ ಹಿಸ್ ಅನ್ನುತ್ತದೆ ಅಷ್ಟೇ. ಪವರ್ ಆಂಪ್ ಆನ್ ಮಾಡಿದ ತಕ್ಷಣ ಕೆಳಗಡೆ ಒಂದು ಗುಡ್ಡೆ ಉಳಿಯುತ್ತದೆ, ಅನಲೈಜರ್‌ನಲ್ಲಿ ನೋಡಿದರೆ 100 ಹರ್ಟ್ಸ್ ಆಸುಪಾಸು. ಮೇಲ್ಗಡೆ ಕೂಡ ಸ್ವಲ್ಪ ಇದೆ. ಮಧ್ಯದಲ್ಲಿ ಏನೂ ಇಲ್ಲ. ಅಂದರೆ ಭ್ರಮೆ ಅಲ್ಲ.

ಕೆಪಾಸಿಟರ್‌ಕೋಡ್:
ಹಾಗಿದ್ದರೆ ಸ್ಪೀಕರ್ ಇಂಪೀಡೆನ್ಸ್ ಕರ್ವ್ (ಯಾವ ಫ್ರೀಕ್ವೆನ್ಸಿಗೆ ಸ್ಪೀಕರ್ ಎಷ್ಟು ತಡೆ ಒಡ್ಡುತ್ತದೆ ಅನ್ನುವ ಗೆರೆ) ಬದಲಾಗಿರಬೇಕು. 8 ಓಮ್ ಸ್ಪೀಕರ್ ಅಂತ ಬರೆದಿರುತ್ತದೆ, ಆದರೆ ರೆಸೊನೆನ್ಸ್ ಹತ್ತಿರ, ಅಂದರೆ ಗಿಟಾರ್ ಸ್ಪೀಕರ್‌ಗೆ ಸುಮಾರು 75ರಿಂದ 120 ಹರ್ಟ್ಸ್ ಒಳಗೆ, ಅದು ಅದರ ಎಷ್ಟೋ ಪಟ್ಟು ಏರುತ್ತದೆ. ಮೇಲಿನ ಫ್ರೀಕ್ವೆನ್ಸಿಯಲ್ಲೂ ವಾಯ್ಸ್ ಕಾಯಿಲ್‌ನಿಂದಾಗಿ ಏರುತ್ತದೆ. ಟ್ಯೂಬ್ ಪವರ್ ಆಂಪ್ ಆ ಏರಿಳಿತವನ್ನು ಅನುಸರಿಸುತ್ತದೆ, ಇಂಪೀಡೆನ್ಸ್ ಎಲ್ಲಿ ಜಾಸ್ತಿಯೋ ಅಲ್ಲಿ ಶಬ್ದವೂ ಜಾಸ್ತಿ. ನೆಗೆಟಿವ್ ಫೀಡ್‌ಬ್ಯಾಕ್ ಇದ್ದರೆ ಕಡಿಮೆ ಅನುಸರಿಸುತ್ತದೆ. ನೀವು ಹೇಳಿದ ಗುಡ್ಡೆಯ ಆಕಾರ ಅಚ್ಚು ಅದೇ. ಆಂಪ್ ಬ್ಲಾಕ್‌ನ ಒಳಗಡೆ ಪುಟಗಳಲ್ಲಿ ಸ್ಪೀಕರ್ ಅಂತ ಎಲ್ಲಾದರೂ ಇದೆಯಾ ನೋಡಿ.

ಆರನೇತಂತಿ:
ಇದೆ! ಲೋ ರೆಸೊನೆನ್ಸ್ ಅಂತ ಒಂದು ನಾಬ್. ಅದನ್ನು ಸ್ವಲ್ಪ ಇಳಿಸಿದೆ, ಫ್ರೀಕ್ವೆನ್ಸಿ ಚೂರು ಸರಿಸಿದೆ, ಮತ್ತೆ ಕೂಡಿಸಿ ಕಳೆದು ನೋಡಿದರೆ ಗುಡ್ಡೆ ಬಹುಪಾಲು ಕರಗಿತು. ಬಿಗಿ ವಾಪಸ್ ಬಂತು.

ಆದರೂ ನನ್ನ ಮೊದಲಿನ ಮಾತು ಬಿಡೋದಿಲ್ಲ. ಈ ಒಂದು ವಿಷಯವನ್ನು ರಿಲೀಸ್ ನೋಟ್ಸ್‌ನಲ್ಲಿ ಬರೆದಿದ್ದರೆ ನಾನು ನಿದ್ದೆಗೆಟ್ಟು ಇಷ್ಟೆಲ್ಲ ಮಾಡಬೇಕಾಗಿರಲಿಲ್ಲ. ಸ್ಪೀಕರ್ ಕರ್ವ್ ಬದಲಾಯಿಸಿದ್ದೇವೆ, ಹಳೇದು ಬೇಕಾದರೆ ಇಷ್ಟಕ್ಕೆ ಇಡಿ ಅಂತ ಎರಡು ಸಾಲು ಸಾಕಿತ್ತು. ಸೂತ್ರ ಬದಲಾಯಿಸೋರು ಬದಲಾಯಿಸಲಿ, ಒಳ್ಳೇದೇ. ಹಳೇ ಪ್ರೀಸೆಟ್‌ನಲ್ಲಿ ಹಳೇ ಸೂತ್ರದ ನಂಬರ್ ಕೂಡ ಉಳಿಸಿ, ಒಂದು ಬಟನ್ ಕೊಡಲಿ, ಹೊಸದಕ್ಕೆ ಹೋಗ್ತೀರಾ ಅಂತ ಕೇಳಲಿ.

ಸಿಗ್ನಲ್‌ಚೈನ್:
ಕಳೆದ ಒಂದೆರಡು ಆವೃತ್ತಿಯ ಸೂತ್ರ ಉಳಿಸಿ ಅಂದರೆ ನಾನೂ ಒಪ್ತೀನಿ. ಶುರುವಿನಿಂದ ಎಲ್ಲವನ್ನೂ ಅಂದರೆ ಇಲ್ಲ. ಅಷ್ಟನ್ನೂ ಪರೀಕ್ಷೆ ಮಾಡುತ್ತಾ ಕೂತರೆ ಹೊಸದು ಬರೆಯೋರು ಯಾರು?

ಗಿಗ್‌ರಾಣಿ:
ನಂಬರ್ ಗಿಂಬರ್ ಎಲ್ಲ ಕಂಪನಿಯವರು ಕೊಟ್ಟಾಗ ಕೊಡಲಿ. ಆರನೇತಂತಿ, ಆ ಡಿಐ ಟ್ರ್ಯಾಕ್ ಮತ್ತೆ ಹಳೇ ಫರ್ಮ್‌ವೇರ್‌ನ ರೆಕಾರ್ಡಿಂಗ್ ಎರಡನ್ನೂ ಎತ್ತಿಡಿ. ಮುಂದಿನ ಅಪ್‌ಡೇಟ್ ದಿನ ನೇರವಾಗಿ ಹೋಲಿಸಬಹುದು. ಇನ್ನು ಪ್ರೀಸೆಟ್ ಅನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ, ಹೆಸರಿನ ಕೊನೆಗೆ ಆವೃತ್ತಿಯ ನಂಬರ್ ಹಾಕಿ.

ಹೊಸದಾಗಿಕಲಿಯುವವ:
ನಾನು ಇವತ್ತು ಅಪ್‌ಡೇಟ್ ಹಾಕಿದೆ ಅಕ್ಕ. ಸಾಯಲಿಲ್ಲ. ಆದರೆ ಟ್ಯೂನರ್ ಎಲ್ಲಿ ಹೋಯಿತು?

ಗಿಗ್‌ರಾಣಿ:
ಟ್ಯಾಪ್ ಬಟನ್ ಒತ್ತಿ ಹಿಡಿದು ನೋಡು. ಅಲ್ಲೂ ಇಲ್ಲದಿದ್ದರೆ ಗ್ಲೋಬಲ್ ಸೆಟ್ಟಿಂಗ್ ರೀಸೆಟ್ ಆಗಿದೆ, ಬ್ಯಾಕಪ್ ಹಾಕು.